ಗಿಂಡಿ ಏನಾಯ್ತು, ಮೇಷ್ಟ್ರೇ?

'ಮತ್ತೆ ಕೋರೆಹಲ್ಲು' ಕಾದಂಬರಿಯ ಕೊನೆಯ ಆರು ಅಧ್ಯಾಯ ಬರೆದವಳು ನಾನು. ಶಿವನಂಜಪ್ಪ ಮೇಷ್ಟ್ರಲ್ಲ. ರಟ್ಟಿನ ಮೇಲೆ ಅವರ ಕಾವ್ಯನಾಮ ಇತ್ತು, ಹಿಂದುಗಡೆ ಅವರ ಫೋಟೋ ಇತ್ತು, ಓದಿದವರು ಬೈದದ್ದೂ ಅವರನ್ನೇ. ಬೈಸಿಕೊಳ್ಳಬೇಕಾದವಳು ಅವರ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದಳು.

ಇಷ್ಟು ಬರೆಯುವುದಕ್ಕೆ ನನಗೆ ಹನ್ನೆರಡು ವರ್ಷ ಬೇಕಾಯಿತು. ಈಗಲೂ ಕೈ ತಡೆಯುತ್ತಿದೆ— ಆದರೆ ತಡೆದದ್ದು ಸಾಕು.

ತೊಂಬತ್ತರ ದಶಕದಲ್ಲಿ ಮೈಸೂರಿನ ಬಾಡಿಗೆ ಪುಸ್ತಕದ ಲೈಬ್ರರಿಗಳಿಗೆ ಹೋಗುತ್ತಿದ್ದವರು ನೀವಾಗಿದ್ದರೆ ಆ ಪುಸ್ತಕ ನಿಮ್ಮ ಕೈಗೂ ಬಂದಿರಬಹುದು. ಓದಿ, ಕೊನೆಗೆ ಬಂದು, 'ಥೂ, ಇದಕ್ಕಾ ಇಷ್ಟು ದಿನ ಕಾದದ್ದು' ಅಂದುಕೊಂಡಿರಬಹುದು. ಹಾಗೆ ಅಂದುಕೊಂಡಿದ್ದರೆ ಸರಿಯಾಗಿಯೇ ಅಂದುಕೊಂಡಿದ್ದೀರಿ. ವಿಳಾಸ ಮಾತ್ರ ತಪ್ಪು.

ಮೇಷ್ಟ್ರು ಸರಸ್ವತಿಪುರಂನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಮುಂದಿನ ಹಾಲಿನಲ್ಲಿ ಹನ್ನೊಂದು ಟೈಪ್‌ರೈಟರ್, ಹಿಂದೆ ಮನೆ, ನಡುವೆ ಒಂದು ಬಾಗಿಲು. ಬೆಳಿಗ್ಗೆ ಸಂಜೆ ಬ್ಯಾಚುಗಳು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮೆಷಿನ್ನುಗಳಿಗೆಲ್ಲ ಬಟ್ಟೆ ಹೊದಿಸಿ ಅವರು ರಕ್ತಪಿಶಾಚಿಗಳ ಕಥೆ ಬರೆಯುತ್ತಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಆಮ್ಲೆಟ್ ವಾಸನೆ ಬಂದರೆ ರಸ್ತೆಯ ಆಚೆ ಬದಿಗೆ ದಾಟುವ ಮನುಷ್ಯ— ಅವರು ಬರೆಯುತ್ತಿದ್ದದ್ದು ಕುತ್ತಿಗೆಗೆ ಬಾಯಿ ಹಾಕುವವರ ಕಥೆ! "ರಕ್ತ ಅಂದ್ರೆ ತಲೆ ಸುತ್ತುತ್ತೆ ಅಂತೀರ, ಅಷ್ಟುದ್ದ ಹೆಂಗೆ ಬರೀತೀರಾ ಸಾರ್?" ಅಂತ ಒಮ್ಮೆ ಕೇಳಿದ್ದೆ. "ನಮ್ಮನೆಯವಳು ಬೀಟ್‌ರೂಟ್ ಪಲ್ಯ ಮಾಡ್ತಾಳಲ್ಲ ಕಣಮ್ಮ, ಆ ಬಾಣಲೆ ತಳ ನೋಡ್ಕೊಂಡು ಬರೀತೀನಿ" ಅಂದರು. ಅವತ್ತಿನಿಂದ ಅವರ ಕಾದಂಬರಿಗಳಲ್ಲಿ ರಕ್ತ ಹರಿದ ಕಡೆಯಲ್ಲೆಲ್ಲ ನನಗೆ ಸಾಸಿವೆ ಒಗ್ಗರಣೆ ವಾಸನೆ ಬರೋದು.

ಮೊದಲನೆಯದು 'ಕೋರೆಹಲ್ಲಿನ ಕನ್ನ'. ನಾಲ್ಕು ರಕ್ತಪಿಶಾಚಿಗಳು ಸೇರಿ ಒಂದು ಬ್ಯಾಂಕಿನ ನೆಲಮಾಳಿಗೆ ದೋಚುವ ಕಥೆ. ಪಿಶಾಚಿಗಳಿಗೆ ಒಂದು ಕಟ್ಟುಪಾಡಿದೆ— ಒಳಗಿರುವವರು ಬಾಯಿ ಬಿಟ್ಟು ಕರೆಯದ ಹೊರತು ಅವರು ಹೊಸ್ತಿಲು ದಾಟುವ ಹಾಗಿಲ್ಲ. ಬೇರೆ ಊರುಗಳಲ್ಲೆಲ್ಲ ಇದರಿಂದಲೇ ಸೋತು ಸುಣ್ಣವಾದ ಗುಂಪು ಮೈಸೂರಿಗೆ ಬರುತ್ತದೆ. ಇಲ್ಲಿ ನೋಡಿದರೆ ಯಾರ ಬಾಗಿಲಿಗೆ ಹೋದರೂ "ಬನ್ನಿ ಬನ್ನಿ, ಹೊರಗ್ಯಾಕೆ ನಿಂತ್ರಿ, ಒಂದ್ಲೋಟ ಕಾಫಿ ಕುಡ್ಕೊಂಡು ಹೋಗೋರಂತೆ!" ಬ್ಯಾಂಕಿನ ಮ್ಯಾನೇಜರೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸುತ್ತಾನೆ. ಓದಿದವರು ಬಿದ್ದು ಬಿದ್ದು ನಕ್ಕರು, ನಗುತ್ತ ನಗುತ್ತಲೇ ಹೆದರಿದರು. ಲೈಬ್ರರಿಯಲ್ಲಿ ಆ ಪುಸ್ತಕದ ರಟ್ಟು ಮೂರು ಸಲ ಕಿತ್ತು ಬಂದು ಮೂರು ಸಲ ಹೊಲಿಸಿದ್ದರು.

ಇನ್ನು ನನ್ನ ವಿಷಯ. ನನ್ನ ಹೆಸರು ಸುನಂದ, ನಮ್ಮದು ಅಶೋಕಪುರಂ. ಆಗ ಕೆಲವು ಮನೆಗಳಲ್ಲಿ ಆ ಬಡಾವಣೆಯ ಹೆಸರೊಂದೇ ಸಾಕಾಗುತ್ತಿತ್ತು. ಜಾತಿ ಕೇಳುವ ಕಷ್ಟವನ್ನೂ ಅವರು ತೆಗೆದುಕೊಳ್ಳುತ್ತಿರಲಿಲ್ಲ. ನೀರು ಕೇಳಿದರೆ ಬೇರೆ ಲೋಟ ಬರುತ್ತಿತ್ತು, ಅದೂ ಜಗುಲಿಗೆ. ಇನ್‌ಸ್ಟಿಟ್ಯೂಟಿಗೆ ಸೇರಿದ ಮೊದಲ ವಾರ ಬಾಯಾರಿಕೆಯಾಗಿ, ಆ ನಡುವಿನ ಬಾಗಿಲ ಹತ್ತಿರ ಹೋಗಿ ನೀರು ಕೇಳಿದೆ. ಹೊಸ್ತಿಲಿನಿಂದ ಈಚೆಗೇ ನಿಂತಿದ್ದೆ— ಅಭ್ಯಾಸ. ಮೇಷ್ಟ್ರ ಹೆಂಡತಿ ನೀಲಮ್ಮನವರು ತಿರುಗಿ ನೋಡಿ, "ಯಾಕಮ್ಮ ಅಲ್ಲೇ ನಿಂತ್ಕೊಂಡೆ? ಒಳಗ್ ಬಾ" ಅಂದರು. "ನಮ್ಮದು ಅಶೋಕಪುರಂ, ಅಮ್ಮ" ಅಂದೆ. ಆಮೇಲೆ ಗೊತ್ತಾಗಿ ಮುಖ ಗಂಟು ಹಾಕಿಕೊಳ್ಳುವುದಕ್ಕಿಂತ ಮೊದಲೇ ಗೊತ್ತಾಗಿಬಿಡಲಿ ಅಂತ. "ಗೊತ್ತು ಕಣಮ್ಮ. ಬಾಯಾರಿದೆ ಅಂದ್ಯಲ್ಲ, ಬಾ" ಅಂದು, ಮನೆಯವರೆಲ್ಲ ಕುಡಿಯುವ ಹಿತ್ತಾಳೆ ಗಿಂಡಿಯನ್ನೇ ನನ್ನ ಕೈಗೆ ಕೊಟ್ಟರು. ಮೇಷ್ಟ್ರು ಅಲ್ಲೇ ಪೇಪರ್ ಓದುತ್ತಿದ್ದವರು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಪೇಪರಿಗೆ ಹೋದರು.

ಇದನ್ನು ಉಪಕಾರ ಅಂತ ನಾನು ಹೇಳುತ್ತಿಲ್ಲ. ಮನುಷ್ಯರನ್ನು ಮನೆಯೊಳಗೆ ಕರೆಯುವುದು ಉಪಕಾರ ಆಗಬಾರದು. ಆ ವಿಷಯದಲ್ಲಿ ನಾನು ಸ್ವಲ್ಪ ಖಾರವೇ. ಆದರೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕಲ್ಲ. ಆಮೇಲೆ ಆ ಮನೆಯಲ್ಲಿ ನಾನು ಹೊಸ್ತಿಲ ಹತ್ತಿರ ನಿಂತದ್ದೇ ಇಲ್ಲ. ಡಬ್ಬ ತೆಗೆದು ಚಕ್ಕುಲಿ ತಿನ್ನುವಷ್ಟು ಸಲಿಗೆ ಬಂತು. "ಇದು ಟೈಪಿಂಗ್ ಕಲಿಯೋಕೆ ಬಂತೋ, ಡಬ್ಬ ಖಾಲಿ ಮಾಡೋಕೆ ಬಂತೋ" ಅಂತ ನೀಲಮ್ಮನವರು ಬೈಯುತ್ತ ಬೈಯುತ್ತಲೇ ಡಬ್ಬ ತುಂಬಿಸಿಡುತ್ತಿದ್ದರು.

ಟೈಪಿಂಗ್ ಮುಗಿಸಿ ಕನ್ನಡ ಶೀಘ್ರಲಿಪಿಗೆ ಸೇರಿದೆ. ಅದರಲ್ಲಿ ನನ್ನ ಕೈ ಓಡಿತು ನೋಡಿ— ಮೇಷ್ಟ್ರು ಬಂದವರ ಮುಂದೆಲ್ಲ, "ಈ ಹುಡುಗಿ ಕೈಲಿ ದೆವ್ವ ಇದೆ ಕಣ್ರೀ, ನಾನು ಬಾಯಿ ಮುಚ್ಚೋದಕ್ಕೆ ಮುಂಚೆ ಬರೆದು ಮುಗಿಸಿರ್ತಾಳೆ" ಅನ್ನೋರು. ನಾನು ತಲೆ ತಗ್ಗಿಸಿ ಕೂತು ಒಳಗೊಳಗೇ ಉಬ್ಬಿಹೋಗುತ್ತಿದ್ದೆ. ಆ ಉಬ್ಬುವಿಕೆಯೇ ಮುಂದೆ— ಇರಲಿ, ಒಂದೊಂದಾಗಿ ಹೇಳುತ್ತೇನೆ.

ಆ ಹೊತ್ತಿಗೆ ಮೇಷ್ಟ್ರ ಕೈ ನಡುಗಲು ಶುರುವಾಯಿತು. ಕಣ್ಣಿಗೆ ಪೊರೆ ಬೇರೆ. ಸಾವಿರಾರು ಜನರಿಗೆ ಬೆರಳು ಹಿಡಿದು ಟೈಪಿಂಗ್ ಕಲಿಸಿದವರಿಗೆ ಪೆನ್ನು ಹಿಡಿದು ಒಂದು ಪುಟ ಬರೆಯಲಾಗದು ಅಂತ ಆಯಿತು. ಎಲ್ಲರೂ 'ಎರಡನೇ ಭಾಗ ಯಾವಾಗ ಮೇಷ್ಟ್ರೇ' ಅಂತ ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದ ಕಾಲ. "ನಾನು ಹೇಳ್ತೀನಿ, ನೀನು ಬರ್ಕೋ ಸುನಂದಾ. ಆಯ್ತಾ?" ಅಂದರು. ನನ್ನನ್ನು ಕೇಳಿದರು! ಆಯ್ತಾ ಅಂತೆ!

ಹಾಗೆ ಮಧ್ಯಾಹ್ನದ ಎರಡು ಗಂಟೆ ಪಿಶಾಚಿಗಳ ಜೊತೆ ನಾನೂ ಸೇರಿಕೊಂಡೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ಕುರ್ಚಿಯ ಕೈ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಹೇಳುವರು. ನಾನು ಪೆನ್ಸಿಲ್ಲಿನಲ್ಲಿ ಶೀಘ್ರಲಿಪಿಯಲ್ಲಿ ಹಿಡಿದುಕೊಂಡು, ಸಂಜೆ ಮನೆಗೆ ಹೋಗಿ ಅದನ್ನು ಕನ್ನಡಕ್ಕೆ ಬಿಡಿಸಿ ಬರೆಯುವುದು. ಗೊತ್ತಿಲ್ಲದವರಿಗೆ ಒಂದು ಮಾತು: ಶೀಘ್ರಲಿಪಿಯಲ್ಲಿ ಅಕ್ಷರ ಇರುವುದಿಲ್ಲ, ಇರುವುದು ಬರೀ ಗೆರೆ— ತೆಳು ಗೆರೆ, ದಪ್ಪ ಗೆರೆ, ಕೊಕ್ಕೆ, ಚುಕ್ಕೆ. ಕಿವಿಯಲ್ಲಿ ಮಾತು ಇನ್ನೂ ಇರುವಷ್ಟು ಹೊತ್ತು ಆ ಗೆರೆಗಳನ್ನು ಓದುವುದು ಸಲೀಸು. ಕಿವಿಯಿಂದ ಮಾತು ಹೋಯಿತೋ, ನಿಮ್ಮ ಗೆರೆಯೇ ನಿಮಗೆ ಗುರುತು ಸಿಗುವುದಿಲ್ಲ. "ಅವತ್ತಿಂದು ಅವತ್ತೇ ಬಿಡಿಸ್ಬೇಕು. ನಾಳೆಗೆ ತಂಗಳು, ವಾರಕ್ಕೆ ಹಳಸಲು"— ಪ್ರತಿ ಬ್ಯಾಚಿಗೂ ಮೇಷ್ಟ್ರು ಮೊದಲ ದಿನ ಹೇಳುತ್ತಿದ್ದ ಪಾಠ ಅದೇ.

'ಮತ್ತೆ ಕೋರೆಹಲ್ಲು' ಶುರುವಾದದ್ದು ಅದ್ಭುತವಾಗಿ. ಅದೇ ನಾಲ್ವರು ಈ ಸಲ ಹಳೆಯ ಕಾಲದ ಒಂದು ಖಜಾನೆಗೆ ಕನ್ನ ಹಾಕಲು ಬರುತ್ತಾರೆ. ಗುಂಪಿನ ನಾಯಕಿ ಚಂಪಾ. ಅವಳ ಸೊಂಟದಲ್ಲಿ ಸದಾ ಒಂದು ಖಾಲಿ ಹಿತ್ತಾಳೆ ಗಿಂಡಿ. ಯಾಕೆ ಅಂತ ಗುಂಪಿನವರಿಗೂ ಗೊತ್ತಿಲ್ಲ. ಚಿನ್ನ ಬಿಟ್ಟು ಓಡಿದರೂ ಗಿಂಡಿ ಬಿಡುವುದಿಲ್ಲ. ಅದರಿಂದಾಗಿ ಒಮ್ಮೆ ಸಿಕ್ಕಿಬೀಳುವುದರಲ್ಲಿದ್ದಳು, ಆಗಲೂ ಬಿಡಲಿಲ್ಲ. "ಗಿಂಡಿ ಯಾಕೆ ಸಾರ್?" ಅಂತ ನಾನು ಪೀಡಿಸಿದರೆ, "ತಾಳಮ್ಮ, ಕೊನೇಲಿ ಇದೆ" ಅಂತ ಮೀಸೆಯಲ್ಲೇ ನಗುವರು.

ಕೊನೆಯ ಆರು ಅಧ್ಯಾಯ ಅವರು ಒಂದೇ ವಾರದಲ್ಲಿ ಹೇಳಿ ಮುಗಿಸಿದರು. ನಾನು ಎರಡು ನೋಟ್‌ಬುಕ್ ತುಂಬ ಹಿಡಿದುಕೊಂಡೆ. ಮತ್ತು ಬಿಡಿಸಲಿಲ್ಲ.

ಕಾರಣ? ಅಕ್ಕನ ಮಗುವಿನ ನಾಮಕರಣ ಅಂತ ಹೇಳಿದ್ದೆ. ನಾಮಕರಣ ಒಂದೇ ದಿನ ಇತ್ತು. ಉಳಿದ ಹತ್ತೊಂಬತ್ತು ದಿನ ಮಗುವನ್ನು ಎತ್ತಿಕೊಂಡು ತಿರುಗಿದೆ, ಗೆಳತಿಯರ ಜೊತೆ ಸಿನಿಮಾ ನೋಡಿದೆ, ನಿದ್ದೆ ಹೊಡೆದೆ. ಸೋಮಾರಿತನ, ಬೇರೇನಿಲ್ಲ. 'ನನ್ನ ಗೆರೆ ನನಗೆ ಓದಕ್ಕೆ ಬರಲ್ವಾ' ಅನ್ನುವ ಕೊಬ್ಬು. ಪ್ರಕಾಶಕರು ದಸರೆಯೊಳಗೆ ಪುಸ್ತಕ ಬರಬೇಕು, ಮೂರು ದಿನದಲ್ಲಿ ಪ್ರತಿ ಕಳಿಸಿ ಅಂತ ಹೇಳಿ ಕಳಿಸಿದ ದಿನ ನೋಟ್‌ಬುಕ್ ತೆಗೆದೆ. ತೆಗೆದು ನೋಡಿದರೆ— ಒಂದು ಸಾಲೂ ಓದಲಾಗುತ್ತಿಲ್ಲ. ಅಲ್ಲೊಂದು 'ಚಂಪಾ', ಇಲ್ಲೊಂದು 'ಬಾಗಿಲು'. ಮಿಕ್ಕದ್ದೆಲ್ಲ ಇರುವೆ ಹರಿದ ಹಾಗೆ. ವೇಗವಾಗಿ ಹಿಡಿಯುವಾಗ ಕೈ ಕೇಳಿಸಿಕೊಳ್ಳುತ್ತದೆ, ಮನಸ್ಸು ಕೇಳಿಸಿಕೊಳ್ಳುವುದಿಲ್ಲ. ಕಥೆ ನೆನಪು ಮಾಡಿಕೊಳ್ಳೋಣ ಅಂದರೆ ಯಾವುದೋ ಮನೆ, ಯಾವುದೋ ಮುದುಕಿ, ಏನೋ ಮಾತುಕತೆ... ಹೊಡೆದಾಟ ಇರಲಿಲ್ಲ ಅನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು.

ಇಲ್ಲಿ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. 'ಸಾರ್, ಹಳಸಿಹೋಯ್ತು, ಇನ್ನೊಂದ್ಸಲ ಹೇಳಿ.' ಅಷ್ಟೇ. ಮೇಷ್ಟ್ರು ಎರಡು ಬೈಗುಳ ಬೈದು ಕಣ್ಣು ಮುಚ್ಚಿಕೊಂಡು ಮತ್ತೆ ಶುರು ಮಾಡುತ್ತಿದ್ದರು. ಆದರೆ ಕೈಲಿ ದೆವ್ವ ಇರುವ ಹುಡುಗಿ ಅಂತಹ ಮಾತು ಹೇಗೆ ಹೇಳುತ್ತಾಳೆ? ಹೇಳಲಿಲ್ಲ. ಮೂರು ದಿನ ಕೂತು ಆರು ಅಧ್ಯಾಯ ನಾನೇ ಬರೆದುಬಿಟ್ಟೆ. ಇನ್ನೂ ನಿಜ ಹೇಳಬೇಕೆಂದರೆ— ಇದನ್ನು ಬರೆಯಲೇ ನನಗೆ ಎಲ್ಲಕ್ಕಿಂತ ನಾಚಿಕೆ— ಬರೆಯುತ್ತ ಬರೆಯುತ್ತ ಭಯ ಹೋಗಿ ಖುಷಿಯಾಗಲು ಶುರುವಾಯಿತು. ಮೇಷ್ಟ್ರದಕ್ಕಿಂತ ನನ್ನದೇ ಜೋರಾಗಿದೆ ಅನ್ನಿಸಿತು. ಜೀಪುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ಮಷಿನ್‌ಗನ್ ಬಂತು. ಬಾಂಬು ಬಿತ್ತು, ಮತ್ತೆ ಬಿತ್ತು. ಖಜಾನೆ ಹಾರಿಹೋಯಿತು. ಕೊನೆಗೆ ಬೆಳಗಾಗಿ ಪಿಶಾಚಿಗಳೆಲ್ಲ ಬಿಸಿಲಿಗೆ ಸುಟ್ಟು ಬೂದಿ. ಗಿಂಡಿ? ಗಿಂಡಿಯನ್ನು ನಾನು ಮರೆತೇಬಿಟ್ಟಿದ್ದೆ.

"ಒಂದ್ಸಲ ಓದಿ ಹೇಳಲಾ ಸಾರ್?" ಅಂತ ಬಾಯಿಮಾತಿಗೆ ಕೇಳಿದೆ. "ನೀನು ನೋಡಿದ್ಮೇಲೆ ನಾನೇನು ನೋಡೋದು, ಕಳಿಸಮ್ಮ" ಅಂದರು.

ಪುಸ್ತಕ ಬಂತು. ಮಧ್ಯಾಹ್ನ ಊಟವಾದ ಮೇಲೆ ನೀಲಮ್ಮನವರು ದಿನಕ್ಕೆರಡು ಅಧ್ಯಾಯ ಗಟ್ಟಿಯಾಗಿ ಓದುವುದು, ಮೇಷ್ಟ್ರು ಕೇಳುವುದು. ಆ ಆರು ಅಧ್ಯಾಯ ಶುರುವಾದ ದಿನ ನಾನೂ ಅಲ್ಲಿದ್ದೆ. ಮೊದಲ ಜೀಪು ಬಂದಾಗ ಮೇಷ್ಟ್ರ ಬೆರಳ ತಾಳ ನಿಂತಿತು. ಬಾಂಬು ಬಿದ್ದಾಗ ಕಣ್ಣು ತೆರೆದರು. ನೀಲಮ್ಮನವರು ಓದುವುದು ನಿಲ್ಲಿಸಿ, "ಏನ್ರೀ ಇದು, ನಿಮ್ದೇನಾ?" ಅಂದರು. ಮೇಷ್ಟ್ರು ನನ್ನ ಕಡೆ ತಿರುಗಿದರು. ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ... ಇದ್ದದ್ದು ಗಾಬರಿ.

"ಸುನಂದಾ, ನಾನು ಇದನ್ನೇ ಹೇಳಿದ್ದೇನಮ್ಮ? ಚಂಪಾ ಕೊನೇಲಿ ಒಂದು ಮನೆಗೆ ಹೋಗ್ತಾಳೆ ಅಂತ..."

"ಇಲ್ಲ ಸಾರ್. ನೀವು ಹೇಳಿದ್ದು ಇದೇ. ನನ್ನ ನೋಟ್ಸಲ್ಲಿ ಹಂಗೇ ಇದೆ."

ಅಷ್ಟೇ ನಾನು ಆಡಿದ ಮಾತು. ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂದರೆ, ಒಂದು ಉಗುಳು ನುಂಗುವಷ್ಟು ತಡವೂ ಆಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ 'ಕಿವಿ ತಪ್ಪಬಹುದು, ನೆನಪು ತಪ್ಪಬಹುದು, ನೋಟ್ಸು ತಪ್ಪಲ್ಲ' ಅಂತ ಹೇಳಿಕೊಟ್ಟವರು ಮೇಷ್ಟ್ರು. ನನ್ನ ನೋಟ್ಸನ್ನು ನಂಬಿದರು, ತಮ್ಮ ತಲೆಯನ್ನು ಬಿಟ್ಟರು. "ಮನಸ್ಸಲ್ಲಿ ಒಂದು ಇಟ್ಕೊಂಡು ಬಾಯಲ್ಲಿ ಇನ್ನೊಂದು ಹೇಳ್ಬುಟ್ಟಿದ್ದೀನಿ ಕಣೇ ನೀಲಾ" ಅಂದರು. "ಅರಳುಮರಳು ಶುರುವಾಯ್ತು ನನಗೆ."

ಲೈಬ್ರರಿಯಲ್ಲಿ ಓದಿದವರು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಅಭಿಪ್ರಾಯ ಬರೆಯುವ ಒಂದು ಪದ್ಧತಿ ಆಗ ಇತ್ತು. 'ಕೋರೆಹಲ್ಲಿನ ಕನ್ನ'ದ ಹಿಂದೆ ಜಾಗ ಸಾಲದೆ ಅಂಚಿನಲ್ಲೂ ಹೊಗಳಿದ್ದರು. ಇದರ ಹಿಂದೆಯೂ ಜಾಗ ಸಾಲಲಿಲ್ಲ. 'ಮೊದಲ ಭಾಗ ಬರೆದವರೇ ಇದನ್ನೂ ಬರೆದದ್ದಾ, ಅಥವಾ ಮೇಷ್ಟ್ರನ್ನು ಪಿಶಾಚಿ ಕಚ್ಚಿತಾ?' 'ಬಾಂಬು ಎಣಿಸಿದೆ, ಹನ್ನೊಂದು.' 'ಸ್ವಾಮಿ, ಮೈಸೂರು ಬಿಸಿಲಿಗೆ ಸಂಡಿಗೆ ಒಣಗೋಕೆ ಎರಡು ದಿನ ಬೇಕು, ಪಿಶಾಚಿ ಎರಡು ನಿಮಿಷಕ್ಕೆ ಬೂದಿ ಆಯ್ತಾ?' ಮತ್ತು ನಾಲ್ಕೈದು ಬೇರೆ ಬೇರೆ ಕೈಬರಹದಲ್ಲಿ ಒಂದೇ ಪ್ರಶ್ನೆ: 'ಗಿಂಡಿ ಏನಾಯ್ತು?'

ಮೇಷ್ಟ್ರು ಆ ಪ್ರತಿಯನ್ನು ಮನೆಗೆ ತರಿಸಿಕೊಂಡು, ಹೆಂಡತಿಯ ಕೈಲಿ ಒಂದೊಂದೂ ಓದಿಸಿಕೊಂಡು ಕೇಳಿದರು. ಸಂಡಿಗೆಯ ಮಾತಿಗೆ ನಕ್ಕರು ಕೂಡ. "ಸರಿಯಾಗೇ ಬರ್ದಿದ್ದಾನೆ ಕಣೇ" ಅಂದರು. ಆದರೆ ತರಕಾರಿ ತರಲು ಹೋದರೆ ಅಲ್ಲಿ, ಸಿಟಿ ಬಸ್ಸಿನಲ್ಲಿ, ಹೋಟೆಲಿನಲ್ಲಿ— ಎಲ್ಲ ಕಡೆ ಒಂದೇ ಮಾತು. "ಗಿಂಡಿ ಏನಾಯ್ತು, ಮೇಷ್ಟ್ರೇ?" ಜನ ಪ್ರೀತಿಯಿಂದಲೇ ಕಿಚಾಯಿಸುತ್ತಿದ್ದರು. ಇವರು ಪೆಚ್ಚಾಗಿ ನಗುವರು. ಕೊನೆಕೊನೆಗೆ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದರು.

ಮೂರನೆಯ ಭಾಗ ಬರೆಯುವುದಿಲ್ಲ ಅಂದುಬಿಟ್ಟರು. ಅದಾದರೂ ಹೋಗಲಿ. ಪಾಠ ಬಿಟ್ಟರು. ಶೀಘ್ರಲಿಪಿಯ ಮೇಷ್ಟ್ರಿಗೆ ಕೆಲಸವೆಂದರೆ ಪುಸ್ತಕದಲ್ಲಿರುವುದನ್ನು ಬಾಯಿ ತಪ್ಪದೆ ಹೇಳುವುದು. ಮಕ್ಕಳು ಅದನ್ನು ಹಿಡಿದುಕೊಳ್ಳುವುದು. "ಮನಸ್ಸಲ್ಲಿರೋದೊಂದು ಹೇಳೋದೊಂದು ಆಗ್ಬುಟ್ರೆ ಪರೀಕ್ಷೇಲಿ ಮಕ್ಕಳ ಗತಿ ಏನಮ್ಮ?" ಅಂದು ಆ ಕೆಲಸವನ್ನು ನನಗೆ ವಹಿಸಿ ತಾವು ಮೂಲೆಯ ಕುರ್ಚಿಯಲ್ಲಿ ಕೂತರು. ನನಗೆ! ಅವರ ಕುರ್ಚಿಯಲ್ಲಿ ಕೂತು ಅವರ ಪುಸ್ತಕ ಹಿಡಿದು ನಾನು ಓದುವುದು, ಅವರು ಅಷ್ಟು ದೂರದಲ್ಲಿ ಕೂತು ಪ್ರತಿ ಪದಕ್ಕೂ ತುಟಿ ಅಲ್ಲಾಡಿಸುವುದು. ಒಂದು ಪದವೂ ತಪ್ಪುತ್ತಿರಲಿಲ್ಲ. ಪುಸ್ತಕ ನೋಡದೆ, ಒಂದು ಪದವೂ. ನಾನು ನೋಡುತ್ತಿದ್ದೆ. ನೋಡಿಯೂ...

ನೀಲಮ್ಮನವರು ನೆನಪಿನ ಶಕ್ತಿಗೆ ಒಳ್ಳೆಯದು ಅಂತ ಹಿತ್ತಲಲ್ಲಿ ಒಂದೆಲಗ ಹಾಕಿದರು. ದಿನಾ ಒಂದೆಲಗದ ಚಟ್ನಿ, ಒಂದೆಲಗದ ತಂಬುಳಿ. ಮೇಷ್ಟ್ರು ಮುಖ ಹುಳ್ಳಗೆ ಮಾಡಿಕೊಂಡು ತಿನ್ನುವರು. "ನೀನೂ ಹಾಕ್ಕೊಳಮ್ಮ ಸುನಂದಾ, ಓದೋ ಹುಡುಗಿ" ಅಂತ ನನ್ನ ತಟ್ಟೆಗೂ ಬಡಿಸುವರು. ಏನೂ ಆಗದಿದ್ದ ನೆನಪಿಗೆ ಮದ್ದು ಅವರು ತಿಂದರು, ಎಲ್ಲ ನೆನಪಿದ್ದ ನಾನು ರೊಟ್ಟಿಗೆ ನೆಂಚಿಕೊಂಡು ತಿಂದೆ. ಬಹಳ ರುಚಿಯಾಗಿ ಮಾಡುತ್ತಿದ್ದರು.

ಹೇಳಬೇಕು ಅಂತ ಎಷ್ಟು ಸಲ ಹೊರಟೆನೋ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬರುವುದು, ಬಾಗಿಲಿಗೆ ಬರುವುದು, ಒಳಗಿನಿಂದ "ಯಾಕಮ್ಮ ಅಲ್ಲೇ ನಿಂತೆ, ಬಾ" ಅನ್ನುವ ದನಿ ಬರುವುದು— ಮಾತೆಲ್ಲ ಅಲ್ಲೇ ಉದುರಿಹೋಗುವುದು. ಹೇಳಿದರೆ ಈ ಬಾಗಿಲು ಇರುವುದಿಲ್ಲ ಅನ್ನುವ ಭಯ. ಅದೇ ನಿಜ. ಅವರಿಗೆ ನೋವಾಗುತ್ತದೆ ಅಂತ ಹೇಳಲಿಲ್ಲ ಅಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ನನಗೆ ಒಂದು ಕಚೇರಿಯಲ್ಲಿ ಸ್ಟೆನೋ ಕೆಲಸ ಸಿಕ್ಕಿತು. ಆ ದಿನ ಮೇಷ್ಟ್ರು ರಸ್ತೆಯವರಿಗೆಲ್ಲ ಮೈಸೂರು ಪಾಕು ಹಂಚಿದರು. ಕಂಪ್ಯೂಟರುಗಳು ಬಂದವು, ಇನ್‌ಸ್ಟಿಟ್ಯೂಟ್ ಮುಚ್ಚಿತು. ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಚಳಿಗಾಲ ಅವರಿಗೆ ಎದೆ ನೋವು ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಚೆನ್ನಾಗೇ ಮಾತಾಡಿದರು. ನನ್ನ ಬ್ಯಾಚಿನ ಹದಿನಾಲ್ಕು ಜನರ ಹೆಸರನ್ನು ಹಾಜರಿ ಕೂಗುವ ಕ್ರಮದಲ್ಲೇ ಹೇಳಿ, ಯಾರ್ಯಾರು ಎಲ್ಲೆಲ್ಲಿ ಇದ್ದಾರೆ ಅಂತ ಕೇಳಿದರು. ಆಮೇಲೆ ಹೇಳಿದರು:

"ಗಿಂಡಿಗೆ ಒಳ್ಳೇದೊಂದು ಇಟ್ಟಿದ್ದೆ ಕಣಮ್ಮ. ಬಾಯಿಗೆ ಬರ್ಲಿಲ್ಲ, ಅಷ್ಟೇ. ಬರ್ಕೊಂಡೋಳು ಅಂತ ನಿನ್ನ ಹೆಸರೂ ಕೆಡಿಸ್ಬುಟ್ಟೆ, ನನ್ನ ಜೊತೆ."

ನನ್ನ ಹೆಸರು! ಆಗಲೂ ಹೇಳಲಿಲ್ಲ. ಅವರ ನಡುಗುವ ಕೈ ಹಿಡಿದುಕೊಂಡು, "ಬಿಡಿ ಸಾರ್, ಹಳೇದೆಲ್ಲ ಯಾಕೆ" ಅಂದೆ. ನಾಲ್ಕು ದಿನಕ್ಕೆ ಹೋಗಿಬಿಟ್ಟರು.

ಹೋದ ವರ್ಷ ಮನೆಗೆ ಸುಣ್ಣ ಹೊಡೆಸುವಾಗ ಟ್ರಂಕಿನ ತಳದಲ್ಲಿ ಆ ಎರಡು ನೋಟ್‌ಬುಕ್ ಸಿಕ್ಕವು. ಎಸೆದಿರಲಿಲ್ಲ. ಕಚೇರಿಯಲ್ಲಿ ಎಷ್ಟೋ ಜನರ ಹಳಸಲು ನೋಟ್ಸು ಬಿಡಿಸಿದ ಅನುಭವ ಇತ್ತಲ್ಲ, ನೋಡೋಣ ಅಂತ ಭಾನುವಾರ ಕೂತೆ. ಮೊದಲ ದಿನ ಮೂರು ಸಾಲು. ಆಮೇಲೆ ಮೇಷ್ಟ್ರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು, ಎಲ್ಲಿ ಬೆರಳ ತಾಳ ಬೀಳುತ್ತಿತ್ತು ಅನ್ನುವುದನ್ನು ನೆನಪಿಸಿಕೊಂಡು, ಅವರ ದನಿಯಲ್ಲೇ ಓದಲು ಶುರು ಮಾಡಿದೆ. ಗೆರೆಗಳು ಒಂದೊಂದಾಗಿ ಬಾಯಿ ಬಿಟ್ಟವು. ಎರಡು ತಿಂಗಳಲ್ಲಿ ಆರು ಅಧ್ಯಾಯವೂ ಬಿಡಿಸಿದೆ. ಅಂದರೆ— ಆಗಲೂ ಬಿಡಿಸಬಹುದಿತ್ತು. ಕೂತಿದ್ದರೆ, ಆಗುತ್ತಿತ್ತು.

ಅಲ್ಲಿ ಇದ್ದದ್ದು ಇದು. ಖಜಾನೆಯ ಚಿನ್ನವನ್ನು ಮೂವರು ಹೊತ್ತುಕೊಂಡು ಹೋಗುತ್ತಾರೆ. ಗಾಯವಾದ ಚಂಪಾ ಒಬ್ಬಳೇ ಹಿಂದೆ ಉಳಿಯುತ್ತಾಳೆ. ಸರಸ್ವತಿಪುರಂನ ಒಂದು ಚಿಕ್ಕ ಮನೆಯ ಬಾಗಿಲಿಗೆ ಬಂದು, ಹೊಸ್ತಿಲಿನಿಂದ ಈಚೆಗೆ ನಿಂತು ನೀರು ಕೇಳುತ್ತಾಳೆ. ನೂರಾರು ಮನೆಗಳಲ್ಲಿ ಅವಳನ್ನು ಒಳಗೆ ಕರೆದಿದ್ದಾರೆ, ಆದರೆ ಅವಳು ಯಾರು ಅಂತ ಗೊತ್ತಿಲ್ಲದೆ. ಪಿಶಾಚಿಯಾದ ದಿನದಿಂದ ಅವಳಿಗೊಂದು ತೀರದ ಬಾಯಾರಿಕೆ, ರಕ್ತದಿಂದ ತೀರುವುದಲ್ಲ. ತಾನು ಯಾರು ಅಂತ ತಿಳಿದೂ ಯಾರಾದರೂ ಕರೆದು ಕೊಟ್ಟ ನೀರಿನಿಂದ ಮಾತ್ರ ತೀರುವಂಥದ್ದು. ಖಾಲಿ ಗಿಂಡಿ ಅದಕ್ಕಾಗಿ. ಒಳಗಿನಿಂದ ಒಬ್ಬ ಮುದುಕಿ ಬರುತ್ತಾಳೆ, ಕೋರೆಹಲ್ಲು ನೋಡುತ್ತಾಳೆ. "ನಾನು ಯಾರು ಗೊತ್ತಾ?" ಅನ್ನುತ್ತಾಳೆ ಚಂಪಾ.

ಮುಂದಿನ ಸಾಲು ಬಿಡಿಸಲು ನನಗೆ ಕಷ್ಟವೇ ಆಗಲಿಲ್ಲ. "ಗೊತ್ತು ಕಣಮ್ಮ. ಬಾಯಾರಿದೆ ಅಂದ್ಯಲ್ಲ, ಬಾ."

ಪೆನ್ಸಿಲ್ ಕೆಳಗಿಟ್ಟು ಅತ್ತೆ. ಪೇಪರಿನಿಂದ ತಲೆ ಎತ್ತಿ ಒಂದು ಸಲ ನೋಡಿದರಲ್ಲ ಮೇಷ್ಟ್ರು— ಆ ಒಂದು ನೋಟದಲ್ಲಿ ಎಲ್ಲ ಬರೆದುಕೊಂಡಿದ್ದರು. ಅದನ್ನು ನನ್ನ ಕೈಗೇ ಹೇಳಿ ಬರೆಸಿದರು. ನಾನು ಅದರ ಮೇಲೆ ಹನ್ನೊಂದು ಬಾಂಬು ಹಾಕಿದೆ.

ನೀಲಮ್ಮನವರು ಈಗ ರಾಮಕೃಷ್ಣನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ತಿಂಗಳಿಗೊಮ್ಮೆ ಹೋಗುತ್ತೇನೆ. "ಕೊನೆಗಾಲದಲ್ಲಿ ಅವರ ತಲೆ ಸ್ವಲ್ಪ ಹಂಗೇ ಆಗಿತ್ತು ಪಾಪ" ಅಂತ ಅವರು ಇನ್ನೂ ಅನ್ನುತ್ತಾರೆ. ನಾನು ಇನ್ನೂ ಹೂಂಗುಟ್ಟುತ್ತೇನೆ. ಆ ಆರು ಅಧ್ಯಾಯವನ್ನು ನೀಟಾಗಿ ಟೈಪ್ ಮಾಡಿ ಇಟ್ಟಿದ್ದೇನೆ. ನಾಳೆ ಭಾನುವಾರ. ತೆಗೆದುಕೊಂಡು ಹೋಗುತ್ತೇನೆ.

ಬೆಲ್ ಒತ್ತಿದರೆ ಅವರೇ ಬರುತ್ತಾರೆ. "ಯಾಕಮ್ಮ ಅಲ್ಲೇ ನಿಂತೆ, ಒಳಗ್ ಬಾ" ಅನ್ನುತ್ತಾರೆ. ಇಷ್ಟು ವರ್ಷ ಆ ಮಾತಿಗೆ ಒಳಗೆ ಹೋಗಿದ್ದೇನೆ, ನಾನು ಏನು ಮಾಡಿದವಳು ಅಂತ ಅವರಿಗೆ ಗೊತ್ತಿಲ್ಲದೆ. ನಾಳೆ ಹೋಗುವುದಿಲ್ಲ. ಹೊಸ್ತಿಲಿನಿಂದ ಈಚೆಗೇ ನಿಂತು, ಮೇಷ್ಟ್ರ ತಲೆಗೆ ಏನೂ ಆಗಿರಲಿಲ್ಲ ಅಮ್ಮ, ಅವರು ಸರಿಯಾಗಿಯೇ ಹೇಳಿದ್ದರು, ಸುಳ್ಳು ಹೇಳಿದವಳು ನಾನು— ಅಂತ ಮೊದಲು ಹೇಳುತ್ತೇನೆ. ಆಮೇಲೆ ಅವರು ಕರೆದರೆ ಒಳಗೆ. ಕರೆಯದಿದ್ದರೆ ಹಾಳೆಗಳನ್ನು ಹೊಸ್ತಿಲ ಮೇಲೆ ಇಟ್ಟು ಬರುತ್ತೇನೆ.